ಮನೆಯಂಗಳಕ್ಕೆ ಯಾವ ಬ್ಯಾಂಕ್ಸಿಯಾ? ಮಣ್ಣು, ಜಾಗ ಮತ್ತು ಖರ್ಚನ್ನು ಮುಂದಿಟ್ಟುಕೊಂಡು ಒಂದು ಹೋಲಿಕೆ

ಆಸ್ಟ್ರೇಲಿಯಾದಲ್ಲಿ ಸ್ವಂತ ಮನೆ ಮಾಡಿಕೊಂಡು, ಹಿತ್ತಲಿನ ಕರಿಬೇವು, ಮಲ್ಲಿಗೆಗಳ ಜೊತೆಗೆ ಆ ನೆಲದ್ದೇ ಆದ ಒಂದು ಗಿಡವನ್ನೂ ಬೆಳೆಸಬೇಕೆಂದು ಬಯಸುವ ಓದುಗರು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: ಬ್ಯಾಂಕ್ಸಿಯಾಗಳಲ್ಲಿ ಯಾವುದನ್ನು ನೆಡಬೇಕು? ಈ ಗೊಂದಲ ಸಹಜವಾದದ್ದೇ. ನರ್ಸರಿಯಲ್ಲಿ ಆ ಒಂದೇ ಹೆಸರಿನಡಿ ಮೊಣಕಾಲೆತ್ತರವನ್ನು ದಾಟದ ಪೊದೆಯೂ ಸಿಗುತ್ತದೆ, ಇಪ್ಪತ್ತು ವರ್ಷಗಳಲ್ಲಿ ಮನೆಯ ಸೂರನ್ನು ಮೀರಿ ನಿಲ್ಲುವ ಮರದ ಸಸಿಯೂ ಸಿಗುತ್ತದೆ. ಕಡುಗೆಂಪು, ಕಿತ್ತಳೆ, ತಿಳಿಹಳದಿ, ಹಸಿರು ಛಾಯೆಯ ಹೂತೆನೆಗಳ ಚಿತ್ರಗಳು ಕಣ್ಣನ್ನು ಒಂದೊಂದು ದಿಕ್ಕಿಗೆ ಸೆಳೆಯುತ್ತವೆ. ಕೊಂಡು ತಂದವರಲ್ಲಿ ಹಲವರ ಗಿಡ ಎರಡನೆಯ ಬೇಸಿಗೆಯೊಳಗೆ ಒಣಗಿಹೋಗುತ್ತದೆ. ಆರೈಕೆ ಕಡಿಮೆಯಾಯಿತೆಂದು ಅವರು ನೊಂದುಕೊಳ್ಳುತ್ತಾರೆ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ಗಿಡ ಸಾಯುವುದು ಆ ಅಂಗಳಕ್ಕೆ ಒಗ್ಗದ ಪ್ರಭೇದವನ್ನು ಆರಿಸಿದ್ದರಿಂದ, ಇಲ್ಲವೇ ಆರೈಕೆ ಅತಿಯಾದದ್ದರಿಂದ. ಆದ್ದರಿಂದ ಹೂವಿನ ಬಣ್ಣವನ್ನು ಕೊನೆಯ ಪ್ರಶ್ನೆಯಾಗಿ ಉಳಿಸಿಕೊಂಡು ಮಣ್ಣಿನಿಂದ ಆರಂಭಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಹೀಗೆ ಹೇಳುವುದಕ್ಕೆ ಕಾರಣ ಈ ಕುಲದ ಹುಟ್ಟು ಮತ್ತು ಹರವಿನಲ್ಲಿಯೇ ಇದೆ. 1770ರಲ್ಲಿ ಬ್ರಿಟನ್ನಿನ ಎಂಡೆವರ್ ಹಡಗು ಇಂದಿನ ಸಿಡ್ನಿಯ ಬಳಿಯ ಬಾಟನಿ ಬೇಯಲ್ಲಿ ಲಂಗರು ಹಾಕಿದಾಗ ಅದರಲ್ಲಿದ್ದ ಸಸ್ಯವಿಜ್ಞಾನಿಗಳಾದ ಜೋಸೆಫ್ ಬ್ಯಾಂಕ್ಸ್ ಮತ್ತು ಡೇನಿಯಲ್ ಸೊಲಾಂಡರ್ ಇದರ ಮಾದರಿಗಳನ್ನು ಸಂಗ್ರಹಿಸಿದರು. 1782ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಕಿರಿಯ ಲಿನ್ನೇಯಸ್ ಬ್ಯಾಂಕ್ಸ್ ಅವರ ಹೆಸರನ್ನೇ ಕುಲಕ್ಕೆ ಇಟ್ಟರು. 2007ರಲ್ಲಿ ಆಸ್ಟಿನ್ ಮಾಸ್ಟ್ ಮತ್ತು ಕೆವಿನ್ ಥೀಲ್ ಎಂಬ ಸಸ್ಯವಿಜ್ಞಾನಿಗಳು ಅದುವರೆಗೆ ಬೇರೆಯೆಂದು ಎಣಿಸಲಾಗಿದ್ದ ಡ್ರೈಯಾಂಡ್ರಾ ಕುಲವನ್ನು ಇದರೊಳಗೆ ಸೇರಿಸಿದ ಮೇಲೆ ಪ್ರಭೇದಗಳ ಸಂಖ್ಯೆ ಸುಮಾರು 170ಕ್ಕೆ ಏರಿದೆ. ಉತ್ತರದ ಉಷ್ಣವಲಯದ ಬ್ಯಾಂಕ್ಸಿಯಾ ಡೆಂಟಾಟಾ ಮಾತ್ರ ನ್ಯೂಗಿನಿಯವರೆಗೂ ಹಬ್ಬಿದೆ. ಉಳಿದ ಯಾವುದೂ ಆಸ್ಟ್ರೇಲಿಯಾದ ಹೊರಗಿನ ಮೂಲನಿವಾಸಿಯಲ್ಲ. ಇವುಗಳಲ್ಲಿ ಹತ್ತಕ್ಕೆ ಒಂಬತ್ತು ಪಾಲು ಪಶ್ಚಿಮ ಆಸ್ಟ್ರೇಲಿಯಾದ ನೈಋತ್ಯ ಮೂಲೆಯೊಂದರಲ್ಲೇ ಇವೆ. ಬ್ರಿಸ್ಬೇನ್‌ನಿಂದ ಸಿಡ್ನಿ, ಮೆಲ್ಬರ್ನ್ ದಾಟಿ ಟ್ಯಾಸ್ಮೇನಿಯಾದವರೆಗಿನ ಪೂರ್ವ ಅಂಚಿನ ಪಾಲಿಗೆ ಬಂದಿರುವುದು ಉಳಿದ ಕೆಲವೇ ಪ್ರಭೇದಗಳು. ಪೂರ್ವ ಮತ್ತು ಪಶ್ಚಿಮಗಳ ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಆಯ್ಕೆಯ ಅರ್ಧ ಕೆಲಸ ಮುಗಿದಂತೆ.

ಕನ್ನಡಿಗರಿಗೆ ಈ ಸಸ್ಯಕುಟುಂಬ ತೀರಾ ಅಪರಿಚಿತವೂ ಅಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮೆಣಸಿನ ಬಳ್ಳಿಗೆ ಆಸರೆಯಾಗಿ ನಿಂತಿರುವ ಸಿಲ್ವರ್ ಓಕ್ ಪೂರ್ವ ಆಸ್ಟ್ರೇಲಿಯಾದಿಂದ ಬಂದ ಮರ. ಅದೂ ಬ್ಯಾಂಕ್ಸಿಯಾದ ಪ್ರೋಟಿಯೇಸೀ ಕುಟುಂಬಕ್ಕೇ ಸೇರಿದ್ದು. ಬೆಂಗಳೂರಿನ ಉದ್ಯಾನಗಳಲ್ಲಿ ಕಾಣುವ ಬಾಟಲ್ ಬ್ರಷ್ ಗಿಡದ ಹೂವು ಬ್ಯಾಂಕ್ಸಿಯಾವನ್ನು ನೆನಪಿಸಿದರೂ ಅದರ ಕುಟುಂಬ ಬೇರೆ, ಅದಕ್ಕೆ ಬೇಕಾದ ಗೊಬ್ಬರ ಮತ್ತು ನೀರಿನ ಲೆಕ್ಕವೂ ಬೇರೆ. ಒಂದನ್ನು ಸಲೀಸಾಗಿ ಬೆಳೆಸಿದ ಅನುಭವ ಇನ್ನೊಂದಕ್ಕೆ ಆಗಿಬರುವುದಿಲ್ಲ.

ಮೊದಲು ಅಳತೆಗೋಲುಗಳು

ಎಲ್ಲಕ್ಕಿಂತ ಮುಖ್ಯವಾದದ್ದು ನೀರು ಬಸಿಯುವ ಗುಣ. ಗಿಡ ನೆಡಬೇಕೆಂದಿರುವ ಜಾಗದಲ್ಲಿ ಸುಮಾರು 30 ಸೆಂಟಿಮೀಟರ್ ಆಳದ ಗುಂಡಿ ತೆಗೆದು, ಒಮ್ಮೆ ನೀರು ತುಂಬಿಸಿ ಇಂಗಲು ಬಿಟ್ಟು, ಮತ್ತೊಮ್ಮೆ ತುಂಬಿಸಿ ನೋಡಿ. ಒಂದೆರಡು ಗಂಟೆಗಳಲ್ಲಿ ನೀರು ಇಂಗಿಹೋದರೆ ನಿಮಗೆ ಆಯ್ಕೆಗಳು ಬಹಳ ಇವೆ. ಮರುದಿನ ಬೆಳಿಗ್ಗೆಯೂ ನೀರು ನಿಂತಿದ್ದರೆ ಪಶ್ಚಿಮದ ಪ್ರಭೇದಗಳನ್ನೆಲ್ಲ ಪಟ್ಟಿಯಿಂದ ತೆಗೆದುಹಾಕಿ, ಇಲ್ಲವೇ ಮಣ್ಣನ್ನು ಏರಿಸಿ ದಿಬ್ಬ ಮಾಡುವ ಖರ್ಚಿಗೆ ಸಿದ್ಧರಾಗಿ.

ಬಸಿಯುವಿಕೆ ಇಷ್ಟು ಮುಖ್ಯವಾಗಲು ಒಂದು ರೋಗ ಕಾರಣ. ಮಲೆನಾಡಿನ ಅಡಿಕೆ ಬೆಳೆಗಾರರನ್ನು ಮಳೆಗಾಲದಲ್ಲಿ ಕಾಡುವ ಕೊಳೆರೋಗ ಮತ್ತು ಮೆಣಸಿನ ಬಳ್ಳಿಯನ್ನು ಕೆಲವೇ ದಿನಗಳಲ್ಲಿ ಬಾಡಿಸುವ ಸೊರಗು ರೋಗ, ಇವೆರಡರ ಹಿಂದೆಯೂ ಫೈಟಾಫ್ತೊರಾ ಕುಲದ ಸೂಕ್ಷ್ಮಜೀವಿಗಳಿವೆ. ಅದೇ ಕುಲದ ಫೈಟಾಫ್ತೊರಾ ಸಿನ್ನಮೋಮಿ ಎಂಬುದು ಆಸ್ಟ್ರೇಲಿಯಾದಲ್ಲಿ ಬ್ಯಾಂಕ್ಸಿಯಾಗಳ ಬೇರನ್ನು ಕೊಳೆಸುತ್ತದೆ. ಅಲ್ಲಿನವರು ಇದನ್ನು ಡೈಬ್ಯಾಕ್ ಎನ್ನುತ್ತಾರೆ. ಒದ್ದೆ ಮಣ್ಣಿನಲ್ಲಿ ಇದರ ಬೀಜಕಣಗಳು ಈಜುತ್ತಾ ಬೇರಿನಿಂದ ಬೇರಿಗೆ ತಲುಪುತ್ತವೆ. ಬೂಟು, ಸಲಿಕೆ, ವಾಹನದ ಚಕ್ರಕ್ಕೆ ಅಂಟಿದ ಮಣ್ಣಿನ ಮೂಲಕವೂ ಊರಿಂದೂರಿಗೆ ಸಾಗುತ್ತವೆ. ಪಶ್ಚಿಮದ ಹಲವು ಪ್ರಭೇದಗಳಿಗೆ ಇದರ ವಿರುದ್ಧ ಹೆಚ್ಚಿನ ತಡೆಯಿಲ್ಲ. ನೈಋತ್ಯದ ಸ್ಟರ್ಲಿಂಗ್ ಬೆಟ್ಟಸಾಲಿನ ಸುತ್ತಮುತ್ತ ಬೆಳೆಯುವ ಬ್ಯಾಂಕ್ಸಿಯಾ ಬ್ರೌನಿಯಂಥವು ಇದರಿಂದಲೇ ಅಳಿವಿನಂಚಿಗೆ ಬಂದಿವೆ. ಪೂರ್ವದ ಹೆಚ್ಚಿನ ಪ್ರಭೇದಗಳು ತಕ್ಕಮಟ್ಟಿಗೆ ತಾಳಿಕೊಳ್ಳುತ್ತವೆ. ಫಾಸ್ಫೈಟ್ ಎಂಬ ಲವಣದ ದ್ರಾವಣವನ್ನು ಸಿಂಪಡಿಸಿದರೆ ಗಿಡದ ತಡೆಯುವ ಶಕ್ತಿ ಕೆಲಕಾಲ ಹೆಚ್ಚುತ್ತದಾದರೂ, ಒಮ್ಮೆ ಮಣ್ಣಿಗೆ ಸೇರಿದ ರೋಗಾಣುವನ್ನು ಅದು ನಿರ್ಮೂಲ ಮಾಡುವುದಿಲ್ಲ.

ಎರಡನೆಯ ಅಳತೆಗೋಲು ಮಣ್ಣಿನಲ್ಲಿರುವ ರಂಜಕ (ಫಾಸ್ಫರಸ್). ನಮ್ಮವರ ತೋಟಗಾರಿಕೆಯ ಅಭ್ಯಾಸಕ್ಕೆ ಇದು ನೇರವಾಗಿ ಸಂಬಂಧಿಸಿದ್ದು ಎಂಬ ಕಾರಣಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನೈಋತ್ಯ ಆಸ್ಟ್ರೇಲಿಯಾದ ನೆಲ ಜಗತ್ತಿನ ಅತ್ಯಂತ ಹಳೆಯ, ಮಳೆಗೆ ಸಿಕ್ಕು ಸವೆದ ನೆಲಗಳಲ್ಲಿ ಒಂದು. ಅಲ್ಲಿ ರಂಜಕ ತೀರಾ ಅಲ್ಪ. ಅಂಥ ನೆಲದಲ್ಲಿ ಬದುಕಲು ಬ್ಯಾಂಕ್ಸಿಯಾಗಳು ಮಣ್ಣಿನ ಮೇಲ್ಪದರದಲ್ಲಿ ಒತ್ತೊತ್ತಾದ ಕಿರುಬೇರುಗಳ ಗುಚ್ಛಗಳನ್ನು ಬೆಳೆಸುತ್ತವೆ. ಈ ಗುಚ್ಛಗಳು ಸಿಟ್ರಿಕ್ ಮತ್ತು ಮ್ಯಾಲಿಕ್ ಆಮ್ಲದಂಥ ವಸ್ತುಗಳನ್ನು ಹೊರಸೂಸಿ, ಕಬ್ಬಿಣ ಮತ್ತು ಅಲ್ಯುಮಿನಿಯಮ್‌ಗೆ ಕಟ್ಟುಬಿದ್ದಿರುವ ರಂಜಕವನ್ನು ಬಿಡಿಸಿ ಹೀರುತ್ತವೆ. ಕೊರತೆಯನ್ನೇ ನಂಬಿ ರೂಪುಗೊಂಡ ಈ ಬೇರಿಗೆ ರಂಜಕ ಹೇರಳವಾಗಿ ಸಿಕ್ಕರೆ ಎಷ್ಟು ಹೀರಬೇಕೆಂಬ ಮಿತಿ ತಪ್ಪುತ್ತದೆ. ಎಲೆಗಳು ಹಳದಿಯಾಗಿ, ಅಂಚು ಸುಟ್ಟು, ಗಿಡ ಸಾಯುತ್ತದೆ. ಊರಿನಲ್ಲಿ ಗುಂಡಿಗೆ ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಹಾಕಿಯೇ ಸಸಿ ನೆಡುವ ನಾವು ಇಲ್ಲಿ ಆ ಕೈಯನ್ನು ತಡೆದುಕೊಳ್ಳಬೇಕು. ಕೋಳಿಗೊಬ್ಬರ, ಮೂಳೆಪುಡಿ, ಗುಲಾಬಿಗೆಂದು ಮಾರುವ ಗೊಬ್ಬರ ಯಾವುದೂ ಬೇಡ. ಅಗತ್ಯವೆನಿಸಿದರೆ ಆಸ್ಟ್ರೇಲಿಯಾದ ಸ್ಥಳೀಯ ಗಿಡಗಳಿಗೆಂದೇ ತಯಾರಿಸಿದ, ರಂಜಕ ಕಡಿಮೆಯಿರುವ ನಿಧಾನ ಕರಗುವ ಗೊಬ್ಬರವನ್ನು ಮಿತವಾಗಿ ಕೊಡಬಹುದು. ಟೊಮೆಟೊ, ಮೆಣಸಿನಕಾಯಿ ಮಡಿಯ ಪಕ್ಕದಲ್ಲಿ ಬ್ಯಾಂಕ್ಸಿಯಾ ನೆಟ್ಟರೆ ಅಲ್ಲಿಗೆ ಹಾಕಿದ್ದು ಇಲ್ಲಿಗೂ ಹರಿದುಬರುತ್ತದೆ ಎಂಬುದನ್ನು ಮರೆಯಬಾರದು.

ಮೂರನೆಯದು ಬೇಸಿಗೆಯ ಸ್ವಭಾವ. ಪರ್ತ್ ಮತ್ತು ಅಡಿಲೇಡ್‌ಗಳಲ್ಲಿ ಮಳೆ ಚಳಿಗಾಲದ್ದು, ಬೇಸಿಗೆ ಒಣದು. ಬ್ರಿಸ್ಬೇನ್‌ನಲ್ಲಿ ಬೇಸಿಗೆಯಲ್ಲೇ ಮಳೆ, ಜೊತೆಗೆ ಸೆಕೆ. ಸಿಡ್ನಿಯ ಬೇಸಿಗೆಯಲ್ಲೂ ತೇವವಿದೆ. ಮೆಲ್ಬರ್ನ್‌ನಲ್ಲಿ ಮಳೆ ವರ್ಷವಿಡೀ ಹಂಚಿಹೋಗಿದ್ದು, ಚಳಿ ಹೆಚ್ಚು. ಒಣ ಬೇಸಿಗೆಗೆ ಹೊಂದಿಕೊಂಡ ಗಿಡಕ್ಕೆ ಬಿಸಿ ಮತ್ತು ತೇವ ಒಟ್ಟಿಗೆ ಬಂದಾಗಲೇ ಬೇರಿನ ರೋಗ ತಗಲುವುದು.

ಉಳಿದ ಅಳತೆಗೋಲುಗಳಾದ ಜಾಗದ ವಿಸ್ತಾರ, ಉದ್ದೇಶ, ಬಜೆಟ್‌ಗಳನ್ನು ಪ್ರತಿ ಗಿಡದ ಜೊತೆಗೇ ನೋಡೋಣ. ಇನ್ನೊಂದನ್ನು ಮಾತ್ರ ಈಗಲೇ ಹೇಳಬೇಕು, ಏಕೆಂದರೆ ಗಿಡ ಕೊಳ್ಳುವಾಗ ಯಾರೂ ಇದನ್ನು ಕೇಳುವುದಿಲ್ಲ: ಕಾಡ್ಗಿಚ್ಚಿನ ನಂತರ ಆ ಪ್ರಭೇದ ಏನಾಗುತ್ತದೆ? ಕೆಲವು ಬ್ಯಾಂಕ್ಸಿಯಾಗಳಿಗೆ ನೆಲದ ಮಟ್ಟದಲ್ಲಿ ಮೊಗ್ಗುಗಳನ್ನು ಅಡಗಿಸಿಟ್ಟ ಮರದ ಗಂಟು ಇರುತ್ತದೆ, ಮತ್ತೆ ಕೆಲವಕ್ಕೆ ದಪ್ಪ ತೊಗಟೆಯಡಿ ಮೊಗ್ಗುಗಳಿರುತ್ತವೆ. ಬೆಂಕಿ ಹೋದ ಮೇಲೆ ಇವು ಮತ್ತೆ ಚಿಗುರುತ್ತವೆ. ಇನ್ನು ಕೆಲವು ಬೆಂಕಿಗೆ ಪೂರ್ತಿ ಸಾಯುತ್ತವೆ. ಆದರೆ ಅವುಗಳ ಮರದಂತೆ ಗಟ್ಟಿಯಾದ ಕಾಯಿಗಳು ಶಾಖಕ್ಕೆ ಬಿರಿದು, ವರ್ಷಗಟ್ಟಲೆ ಕಾಪಿಟ್ಟುಕೊಂಡಿದ್ದ ರೆಕ್ಕೆಬೀಜಗಳನ್ನು ಬೂದಿಯ ಮೇಲೆ ಉದುರಿಸುತ್ತವೆ. ತೋಟಗಾರನಿಗೆ ಇದರಿಂದ ಆಗುವ ಉಪಯೋಗ ದೊಡ್ಡದು. ಚಿಗುರುವ ಜಾತಿಯನ್ನು ಗಟ್ಟಿಯಾಗಿ ಕತ್ತರಿಸಿ ಆಕಾರಕ್ಕೆ ತರಬಹುದು, ಬೋಳಾದರೂ ಮತ್ತೆ ತುಂಬಿಕೊಳ್ಳುತ್ತದೆ. ಬೀಜದಿಂದಲೇ ಮುಂದುವರಿಯುವ ಜಾತಿಯನ್ನು ಎಲೆಯಿಲ್ಲದ ಹಳೆಯ ಕೊಂಬೆಯವರೆಗೆ ಕತ್ತರಿಸಿದರೆ ಆ ಕೊಂಬೆ ಅಲ್ಲಿಗೇ ಮುಗಿಯುತ್ತದೆ. ಅದನ್ನು ಎಳೆಯದಾಗಿದ್ದಾಗಿನಿಂದ ಹೂವಿನ ಹಿಂದಿನ ಹಸಿರು ಭಾಗದಲ್ಲಿ ಮಾತ್ರ ಸವರುತ್ತಾ ಬರಬೇಕು.

ಪೂರ್ವದ ಪ್ರಭೇದಗಳು

ಮೊದಲ ಸಲ ಬ್ಯಾಂಕ್ಸಿಯಾ ನೆಡುವವರಿಗೆ, ಜಾಗ ಧಾರಾಳವಾಗಿದ್ದರೆ, ನಾನು ಹಿಂಜರಿಯದೆ ಹೇಳುವ ಹೆಸರು ಬ್ಯಾಂಕ್ಸಿಯಾ ಇಂಟೆಗ್ರಿಫೋಲಿಯಾ, ಅಂದರೆ ಕೋಸ್ಟ್ ಬ್ಯಾಂಕ್ಸಿಯಾ. ಪೂರ್ವ ಕರಾವಳಿಯುದ್ದಕ್ಕೂ ಮರಳದಿಬ್ಬಗಳ ಹಿಂದೆ, ಉಪ್ಪುಗಾಳಿಗೆ ಎದುರಾಗಿ ನಿಲ್ಲುವ ಮರವಿದು. ಜೇಡಿಮಣ್ಣನ್ನೂ ಸಾಕಷ್ಟು ಸಹಿಸುತ್ತದೆ, ಡೈಬ್ಯಾಕ್‌ಗೂ ಸುಲಭವಾಗಿ ಬಲಿಯಾಗುವುದಿಲ್ಲ. ಎಲೆಯ ಮೇಲ್ಭಾಗ ಕಡುಹಸಿರು, ಕೆಳಭಾಗ ಬೆಳ್ಳಗೆ. ಗಾಳಿ ಬೀಸಿದಾಗ ಇಡೀ ಮರ ಬಣ್ಣ ಬದಲಿಸುತ್ತದೆ. ತಿಳಿಹಳದಿಯ ತೆನೆಗಳು ಹೆಚ್ಚಾಗಿ ಶರತ್ಕಾಲದಿಂದ (ಅಲ್ಲಿ ಮಾರ್ಚ್‌ನಿಂದ ಮೇ) ಚಳಿಗಾಲದವರೆಗೆ ಬಂದು, ಬೇರೆ ಹೂಗಳು ಕಡಿಮೆಯಿರುವ ದಿನಗಳಲ್ಲಿ ಹಕ್ಕಿಗಳಿಗೆ ಮಕರಂದ ಒದಗಿಸುತ್ತವೆ. ಈ ಪ್ರಭೇದದ ಇನ್ನೊಂದು ವಿಶೇಷವೆಂದರೆ ಬೀಜ ಬಿಡಲು ಇದು ಬೆಂಕಿಗಾಗಿ ಕಾಯುವುದಿಲ್ಲ. ಕಾಯಿ ಬಲಿತ ವರ್ಷವೇ ಬಿರಿಯುತ್ತದೆ. ಒಂದೇ ತೊಂದರೆಯೆಂದರೆ ಗಾತ್ರ. ಅನುಕೂಲವಾದ ಜಾಗದಲ್ಲಿ ಇದು 25 ಮೀಟರ್‌ವರೆಗೂ ಬೆಳೆಯಬಲ್ಲದು. ನಗರದ ಹೊರವಲಯದ ಹೊಸ ಬಡಾವಣೆಗಳಲ್ಲಿ ಬೇಲಿಗೂ ಗೋಡೆಗೂ ನಡುವೆ ಮೂರು ಮೀಟರ್ ಜಾಗವಿರುವವರು ಇದರ ಮೂಲ ರೂಪವನ್ನು ನೆಡಲೇಬಾರದು. ಅವರಿಗೆ ಸುಮಾರು ಎರಡು ಮೀಟರ್ ಎತ್ತರದಲ್ಲಿ ನೆಟ್ಟಗೆ ನಿಲ್ಲುವ ಸೆಂಟಿನೆಲ್ ತಳಿ, ನೆಲದ ಮೇಲೆ ಹರಡುವ ರೋಲರ್ ಕೋಸ್ಟರ್ ತಳಿ ಇವೆ. ಕ್ಯಾನ್‌ಬೆರಾದಂತಹ ಹಿಮ ಬೀಳುವ ಎತ್ತರದ ಊರುಗಳಿಗೆ ಇದೇ ಪ್ರಭೇದದ ಮೊಂಟಿಕೋಲಾ ಎಂಬ ಪರ್ವತವಾಸಿ ಉಪಪ್ರಭೇದ ಚೆನ್ನಾಗಿ ಒಗ್ಗುತ್ತದೆ.

ಬ್ಯಾಂಕ್ಸಿಯಾ ಸೆರಾಟಾ ತಾಳ್ಮೆಯುಳ್ಳವರ ಮರ. ಗರಗಸದ ಅಂಚಿನ ಎಲೆ, ಗಂಟುಗಂಟಾದ ದಪ್ಪ ಬೂದು ತೊಗಟೆ, ಒಣಗಿದ ಹೂಗಳ ನಡುವಿನಿಂದ ಬಾಯಿ ತೆರೆದು ನೋಡುವ ಕಾಯಿಗಳು ಇದಕ್ಕೆ ಎಳೆಯ ವಯಸ್ಸಿನಲ್ಲೇ ಮುದುಕನ ಗಾಂಭೀರ್ಯವನ್ನು ಕೊಡುತ್ತವೆ. ಇಂಗ್ಲಿಷಿನಲ್ಲಿ ಓಲ್ಡ್ ಮ್ಯಾನ್ ಬ್ಯಾಂಕ್ಸಿಯಾ ಎನ್ನುವುದು ಇದನ್ನೇ. ಬಾಟನಿ ಬೇಯಲ್ಲಿ ಬ್ಯಾಂಕ್ಸ್ ಮತ್ತು ಸೊಲಾಂಡರ್ ಸಂಗ್ರಹಿಸಿದ ಪ್ರಭೇದಗಳಲ್ಲಿ ಇದೂ ಒಂದು. ಸಿಡ್ನಿಯ ಮರಳುಗಲ್ಲಿನ ನೆಲ ಇದರ ತವರು. ಬೆಂಕಿಯನ್ನು ದಪ್ಪ ತೊಗಟೆಯಿಂದ ಎದುರಿಸಿ ಕಾಂಡದಿಂದಲೇ ಚಿಗುರುತ್ತದೆ, ಬಹಳ ಕಾಲ ಬದುಕುತ್ತದೆ, ಬೇಸಿಗೆಯಿಂದ ಶರತ್ಕಾಲದವರೆಗೆ ಬೂದು ಬೆರೆತ ಕೆನೆಬಣ್ಣದ ದಪ್ಪ ತೆನೆಗಳನ್ನು ಬಿಡುತ್ತದೆ. ಬೆಳವಣಿಗೆ ಮಾತ್ರ ನಿಧಾನ. ನೆಟ್ಟ ಎರಡೇ ವರ್ಷಕ್ಕೆ ಹೂ ಬೇಕೆನ್ನುವವರನ್ನು ಇದು ನಿರಾಸೆಗೊಳಿಸುತ್ತದೆ. ಇಂಟೆಗ್ರಿಫೋಲಿಯಾ ಮತ್ತು ಸೆರಾಟಾಗಳ ನಡುವೆ ಮನಸ್ಸು ತೂಗುತ್ತಿದ್ದರೆ ಮಣ್ಣು ನೋಡಿ ನಿರ್ಧರಿಸಿ: ಮರಳಾದರೆ ಸೆರಾಟಾ, ಜೇಡಿಯಾದರೆ ಇಂಟೆಗ್ರಿಫೋಲಿಯಾ.

ಬೇಲಿ ಬೇಕು, ನೆರೆಮನೆಯ ಕಿಟಕಿ ಮರೆಯಾಗಬೇಕು, ಹಕ್ಕಿಗಳೂ ಬರಬೇಕು ಎನ್ನುವವರ ಮುಂದೆ ಎರಡು ಆಯ್ಕೆಗಳಿವೆ. ಬ್ಯಾಂಕ್ಸಿಯಾ ಎರಿಸಿಫೋಲಿಯಾ ಸೂಜಿಯಂಥ ಕಿರಿದಾದ ಎಲೆಗಳ, ಆರು ಮೀಟರ್‌ವರೆಗೆ ಬೆಳೆಯುವ ಒತ್ತಾದ ಪೊದೆ. ಶರತ್ಕಾಲ ಮತ್ತು ಚಳಿಗಾಲದಲ್ಲಿ ಕಿತ್ತಳೆ-ಕೆಂಪು ತೆನೆಗಳು ಬರುತ್ತವೆ. ಆಗ ಈಸ್ಟರ್ನ್ ಸ್ಪೈನ್‌ಬಿಲ್‌ನಂಥ, ಮಕರಂದ ಹೀರುವ ಹನಿಈಟರ್ ಹಕ್ಕಿಗಳು ಬೆಳಗಿನಿಂದಲೇ ಮುತ್ತುತ್ತವೆ. ಬ್ಯಾಂಕ್ಸಿಯಾ ಸ್ಪಿನ್ಯುಲೋಸಾ ಇದರ ಹತ್ತಿರದ ಸಂಬಂಧಿ. ಗಾತ್ರದಲ್ಲಿ ಚಿಕ್ಕದು, ಹೊನ್ನಿನ ಬಣ್ಣದ ತೆನೆಯಲ್ಲಿ ಅನೇಕ ಕಡೆ ಕೊಕ್ಕೆಯಂತೆ ಬಾಗಿದ, ಕೆಂಪು ಅಥವಾ ಕಪ್ಪು ಛಾಯೆಯ ಎಳೆಗಳಿರುತ್ತವೆ. ಮೊದಲ ನೋಟಕ್ಕೆ ಎರಿಸಿಫೋಲಿಯಾವೇ ಮೇಲೆನಿಸುತ್ತದೆ: ಬೇಗ ಬೆಳೆಯುತ್ತದೆ, ಬೇಗ ಮರೆಮಾಡುತ್ತದೆ. ಆದರೆ ಅದು ಬೆಂಕಿಗೆ ಸಾಯುವ ಬಗೆಯದು. ಕೆಳಗಿನಿಂದ ಬೋಳಾದ ಮೇಲೆ ಗಟ್ಟಿಯಾಗಿ ಕತ್ತರಿಸಿದರೆ ಮತ್ತೆ ತುಂಬಿಕೊಳ್ಳುವುದಿಲ್ಲ. ಸ್ಪಿನ್ಯುಲೋಸಾದ ಹೆಚ್ಚಿನ ರೂಪಗಳಿಗೆ ಬುಡದಲ್ಲಿ ಗಂಟು ಇರುವುದರಿಂದ ವರ್ಷಗಳ ನಂತರವೂ ಕತ್ತರಿಸಿ ಹೊಸದಾಗಿಸಬಹುದು. ಮಾಲೀಕರೇ ನೆಲೆಸಿ, ಪ್ರತಿ ವರ್ಷ ಸವರುವ ಶಿಸ್ತು ಇರುವ ಮನೆಗೆ ಮೊದಲನೆಯದು. ಮೂರು ವರ್ಷಕ್ಕೊಮ್ಮೆ ಕತ್ತರಿ ಹಿಡಿಯುವವರಿಗೆ ಎರಡನೆಯದು. ಇವೆರಡರ ಮಿಶ್ರತಳಿಯಾದ ಜಯಂಟ್ ಕ್ಯಾಂಡಲ್ಸ್ 40 ಸೆಂಟಿಮೀಟರ್‌ವರೆಗಿನ ಉದ್ದದ ತೆನೆ ಬಿಡುವುದರಿಂದ ಜನಪ್ರಿಯವಾಗಿದೆ. ಅದಕ್ಕೂ ನಾಲ್ಕೈದು ಮೀಟರ್ ಜಾಗ ಬೇಕೆಂಬುದನ್ನು ಮಾತ್ರ ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ಮೆಲ್ಬರ್ನ್, ಟ್ಯಾಸ್ಮೇನಿಯಾ, ಕ್ಯಾನ್‌ಬೆರಾಗಳ ಚಳಿಗೆ ಬ್ಯಾಂಕ್ಸಿಯಾ ಮಾರ್ಜಿನಾಟಾ ಅತ್ಯಂತ ನಂಬಿಕೆಯ ಗಿಡ. ದಕ್ಷಿಣ ಆಸ್ಟ್ರೇಲಿಯಾದಿಂದ ವಿಕ್ಟೋರಿಯಾ, ನ್ಯೂ ಸೌತ್ ವೇಲ್ಸ್, ಟ್ಯಾಸ್ಮೇನಿಯಾಗಳವರೆಗೆ ಹರಡಿರುವ ಇದು ಒಂದು ಕಡೆ ಸೊಂಟದೆತ್ತರದ ಪೊದೆ, ಇನ್ನೊಂದು ಕಡೆ ಎತ್ತರದ ಮರ. ಕೊಳ್ಳುವಾಗ ಪ್ರಭೇದದ ಹೆಸರಷ್ಟನ್ನೇ ಓದದೆ, ಬೀಜ ಎಲ್ಲಿಯದು, ಎಷ್ಟು ಎತ್ತರ ಬರುತ್ತದೆ ಎಂದು ನರ್ಸರಿಯವರನ್ನು ಕೇಳುವುದು ಈ ಗಿಡದ ಮಟ್ಟಿಗೆ ಕಡ್ಡಾಯ. ಹೂವು ಚಿಕ್ಕದು, ತಿಳಿಹಳದಿ, ಅಬ್ಬರವಿಲ್ಲ. ಹೂವಿನ ಚೆಲುವಿಗಿಂತ ಗಿಡದ ಬಾಳಿಕೆ ಮುಖ್ಯವೆನ್ನುವವರಿಗೆ ಇದು ಸರಿ.

ನೀರು ನಿಲ್ಲುವ ಅಂಗಳದವರು ನಿರಾಶರಾಗಬೇಕಿಲ್ಲ. ಬ್ಯಾಂಕ್ಸಿಯಾ ರೋಬರ್, ಅಂದರೆ ಸ್ವಾಂಪ್ ಬ್ಯಾಂಕ್ಸಿಯಾ, ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್‌ನ ಕರಾವಳಿಯ ಜೌಗು ನೆಲದ್ದು. ಸುಮಾರು ಎರಡು ಮೀಟರ್ ಎತ್ತರ, ಅಗಲವಾದ ದೊಡ್ಡ ಎಲೆಗಳು, ನೀಲಿ-ಹಸಿರಿನಿಂದ ಹಳದಿಗೆ ತಿರುಗುವ ತೆನೆಗಳು. ಬುಡದ ಗಂಟಿನಿಂದ ಚಿಗುರುತ್ತದೆ, ಸೆಕೆಯನ್ನೂ ತೇವವನ್ನೂ ಒಟ್ಟಿಗೆ ತಾಳುತ್ತದೆ. ಬ್ರಿಸ್ಬೇನ್‌ನ ಕನ್ನಡಿಗರಿಗೆ, ಹಾಗೂ ಪಶ್ಚಿಮ ಸಿಡ್ನಿಯ ಭಾರವಾದ ಜೇಡಿಮಣ್ಣಿನಲ್ಲಿ ಮನೆ ಕಟ್ಟಿದವರಿಗೆ, ಪಟ್ಟಿಯ ಮೊದಲಲ್ಲೇ ಇರಬೇಕಾದ ಗಿಡವಿದು. ತೀರಾ ಒಣಗಿದ ಜಾಗದಲ್ಲಿ ಮಾತ್ರ ಸೊರಗುತ್ತದೆ.

ಪಶ್ಚಿಮದ ಪ್ರಭೇದಗಳು

ಚಿತ್ರಗಳಲ್ಲಿ ಕಂಡು ಮನಸೋಲುವ ಹೂಗಳು ಹೆಚ್ಚಾಗಿ ಇವುಗಳದೇ. ಪರ್ತ್‌ನಲ್ಲಿರುವವರಿಗೆ ಇವು ಸ್ವಂತ ನೆಲದ ಗಿಡಗಳು. ಉಳಿದವರಿಗೆ ಒಂದು ಸವಾಲು.

ಪರ್ತ್ ನಗರ ನಿಂತಿರುವ ಸ್ವಾನ್ ಕರಾವಳಿ ಬಯಲಿನ ಮರಳಿನಲ್ಲಿ ಬ್ಯಾಂಕ್ಸಿಯಾ ಮೆನ್ಜೀಸಿ ಮತ್ತು ಬ್ಯಾಂಕ್ಸಿಯಾ ಅಟೆನ್ಯುಯೇಟಾ ಜೊತೆಜೊತೆಯಾಗಿ ಬೆಳೆಯುತ್ತವೆ. ಮೊದಲನೆಯದು ಶರತ್ಕಾಲ ಮತ್ತು ಚಳಿಗಾಲದಲ್ಲಿ ಮಾಗಿದ ಕೆಂಪಿನ ತೆನೆಗಳನ್ನು ಬಿಟ್ಟರೆ, ಎರಡನೆಯದು ವಸಂತದಿಂದ ಬೇಸಿಗೆಯವರೆಗೆ ಉದ್ದನೆಯ ಹಳದಿ ತೆನೆಗಳನ್ನು ಬಿಡುತ್ತದೆ. ಎರಡೂ ಇದ್ದರೆ ವರ್ಷದ ಬಹುಪಾಲು ಮಕರಂದ ಇರುತ್ತದೆ. ಈ ಕಾಡಿನ ತುಣುಕುಗಳು ಬಡಾವಣೆಗಳಿಗಾಗಿ ಎಷ್ಟು ಕರಗಿವೆಯೆಂದರೆ 2016ರಲ್ಲಿ ಇಡೀ ಸಸ್ಯಸಮುದಾಯವನ್ನೇ ಅಳಿವಿನಂಚಿನದೆಂದು ಆಸ್ಟ್ರೇಲಿಯಾದ ಕೇಂದ್ರ ಸರ್ಕಾರ ಪಟ್ಟಿಗೆ ಸೇರಿಸಿತು. ಇದರ ಬೀಜಗಳನ್ನು ತಿಂದು ಬದುಕುವ ಕಾರ್ನಬೀಸ್ ಕಪ್ಪು ಕಾಕಟೂ ಎಂಬ ಗಿಳಿಜಾತಿಯ ಹಕ್ಕಿ ಕೂಡ ಅಳಿವಿನ ಭೀತಿಯಲ್ಲಿದೆ. ಅಂಥ ನಗರದಲ್ಲಿ ಅಂಗಳವಿದ್ದು, ಅದರಲ್ಲಿ ದೂರದ ಯಾವುದೋ ಗಿಡಕ್ಕಿಂತ ಈ ಎರಡರಲ್ಲೊಂದನ್ನು ನೆಡುವುದು ಹೆಚ್ಚು ಅರ್ಥಪೂರ್ಣವೆಂದು ನಾನು ಗಾಢವಾಗಿ ನಂಬುತ್ತೇನೆ. ಮರ ದೊಡ್ಡದಾದೀತೆಂಬ ಅಂಜಿಕೆ ಇರುವವರಿಗೆ ಮೆನ್ಜೀಸಿಯ ಕುಳ್ಳು ರೂಪವೂ ಸಿಗುತ್ತದೆ.

ಬ್ಯಾಂಕ್ಸಿಯಾ ಪ್ರಿಯೊನೋಟಿಸ್‌ನ ತೆನೆ ಕೆಳಗಿನಿಂದ ಅರಳುತ್ತಾ ಬರುವಾಗ ಬುಡದಲ್ಲಿ ಕಿತ್ತಳೆ, ತುದಿಯಲ್ಲಿ ಬಿಳಿ ಮೊಗ್ಗು ಒಟ್ಟಿಗೆ ಕಾಣುತ್ತವೆ. ಇಡೀ ಕುಲದಲ್ಲಿ ನನಗೆ ಅತ್ಯಂತ ಚೆಲುವಾಗಿ ತೋರುವುದು ಇದೇ. ಚಳಿಗಾಲದಲ್ಲಿ ಮೇಲ್ಪದರದ ಬೇರುಗುಚ್ಛಗಳಿಂದ ಪೋಷಕಾಂಶವನ್ನೂ, ಬೇಸಿಗೆಯಲ್ಲಿ ಆಳಕ್ಕಿಳಿದ ತಾಯಿಬೇರಿನಿಂದ ನೀರನ್ನೂ ಪಡೆಯುವ ಗಿಡವಿದು. ಹೀಗಾಗಿ ಆಳವಾದ ಮರಳು ಇಲ್ಲದ ಕಡೆ ಇದನ್ನು ನೆಡುವುದು ಹಣವನ್ನು ಮಣ್ಣುಪಾಲು ಮಾಡಿದಂತೆ. ಆಯುಸ್ಸೂ ದೀರ್ಘವಲ್ಲ.

ಬ್ಯಾಂಕ್ಸಿಯಾ ಕೊಕ್ಸಿನಿಯಾದ ಗಿಡ್ಡ ತೆನೆಯಲ್ಲಿ ಕಡುಗೆಂಪು ಎಳೆಗಳು ಲಂಬ ಸಾಲುಗಳಾಗಿ ನಿಲ್ಲುತ್ತವೆ. ಹೂದಾನಿಗೆ ಇದಕ್ಕಿಂತ ಸೊಗಸಾದ ಬ್ಯಾಂಕ್ಸಿಯಾ ಇಲ್ಲವೆನ್ನಬಹುದು. ಡೈಬ್ಯಾಕ್‌ಗೆ ಬೇಗ ಬಲಿಯಾಗುವ, ತೇವದ ಬೇಸಿಗೆಯನ್ನು ಸಹಿಸದ ಗಿಡವೂ ಇದೇ. ಸಿಡ್ನಿ ಅಥವಾ ಬ್ರಿಸ್ಬೇನ್‌ನಲ್ಲಿ ಈ ಹೂವಿನ ಆಸೆಯಿದ್ದರೆ ಹೂವಂಗಡಿಯಿಂದ ಕೊಂಡು ತರುವುದೇ ಲೇಸು. ಬ್ಯಾಂಕ್ಸಿಯಾ ಸ್ಪೆಸಿಯೋಸಾ ಇದಕ್ಕಿಂತ ಸ್ವಲ್ಪ ಉದಾರಿ: ತ್ರಿಕೋನಗಳನ್ನು ಸಾಲಾಗಿ ಜೋಡಿಸಿದಂತಿರುವ ಉದ್ದನೆಯ ಎಲೆ, ತಿಳಿಹಳದಿ ದಪ್ಪ ತೆನೆ, ಕರಾವಳಿಯ ಗಾಳಿಯನ್ನು ತಾಳುವ ಶಕ್ತಿ. ಅಡಿಲೇಡ್ ಅಥವಾ ಮೆಲ್ಬರ್ನ್‌ನ ಮರಳು ನೆಲದಲ್ಲಿ ಪ್ರಯತ್ನಿಸಬಹುದು. ಇದಕ್ಕೆ ನಾಲ್ಕು ಮೀಟರ್‌ಗೂ ಹೆಚ್ಚು ಅಗಲ ಬೇಕು, ಗಟ್ಟಿಯಾಗಿ ಕತ್ತರಿಸಲಾಗದು.

ಪಶ್ಚಿಮದ್ದೇ ಬೇಕು, ಆದರೆ ಊರು ಪೂರ್ವದ್ದು ಎನ್ನುವವರಿಗೆ ಕಸಿಗಿಡವೊಂದು ದಾರಿ. ಇಂಟೆಗ್ರಿಫೋಲಿಯಾ ಅಥವಾ ಸೆರಾಟಾದ ಬೇರುಕಾಂಡಕ್ಕೆ ಪಶ್ಚಿಮದ ಪ್ರಭೇದದ ಕುಡಿಯನ್ನು ಕೂಡಿಸಿ ಇವನ್ನು ತಯಾರಿಸುತ್ತಾರೆ. ಬೇರಿಗೆ ರೋಗನಿರೋಧ, ಮೇಲೆ ಬೇಕಾದ ಹೂವು. ಎಲ್ಲ ಜೋಡಿಗಳೂ ಕೂಡಿಕೊಳ್ಳುವುದಿಲ್ಲ, ಕೆಲವು ವರ್ಷಗಳ ನಂತರ ಕಸಿಯ ಕೀಲು ಕೈಕೊಡುವುದೂ ಉಂಟು, ಬೆಲೆಯಂತೂ ಸಾಮಾನ್ಯ ಸಸಿಯ ಹಲವು ಪಟ್ಟು. ಎಲೆ ಮತ್ತು ಹೂವಿಗೆ ತಗಲುವ ತೇವದ ತೊಂದರೆಯನ್ನು ಕಸಿ ತಪ್ಪಿಸುವುದಿಲ್ಲ. ಆದ್ದರಿಂದ ಬ್ರಿಸ್ಬೇನ್‌ಗಿಂತ ಮೆಲ್ಬರ್ನ್, ಕ್ಯಾನ್‌ಬೆರಾಗಳಲ್ಲಿ ಈ ಹಣ ಹೆಚ್ಚು ಸಾರ್ಥಕ.

ಪಶ್ಚಿಮದ ಇನ್ನೊಂದು ಗುಂಪನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ: ನೆಲಕ್ಕೆ ಅಂಟಿ ಹರಡುವವು. ಬ್ಯಾಂಕ್ಸಿಯಾ ಬ್ಲೆಕ್ನಿಫೋಲಿಯಾ ಮತ್ತು ಬ್ಯಾಂಕ್ಸಿಯಾ ಪೆಟಿಯೊಲಾರಿಸ್‌ಗಳ ಕಾಂಡ ನೆಲದ ಮೇಲೆ ತೆವಳುತ್ತದೆ, ಎಲೆಗಳು ಮಾತ್ರ ನೆಟ್ಟಗೆ ಮೇಲೇಳುತ್ತವೆ, ತೆನೆಗಳು ಮಣ್ಣಿನಿಂದಲೇ ಮೂಡಿದಂತೆ ಕಾಣುತ್ತವೆ. ಪೆಟಿಯೊಲಾರಿಸ್‌ನ ಒಂದು ಎಲೆ 13 ವರ್ಷಗಳವರೆಗೂ ಹಸಿರಾಗಿರಬಲ್ಲದು. ಅಂಗಳದ ಇಳಿಜಾರಿಗೆ, ದಿಬ್ಬಕ್ಕೆ, ಕಲ್ಲುಗಳ ನಡುವಿನ ಜಾಗಕ್ಕೆ ಇವು ತಕ್ಕವು. ಇವೆರಡರಲ್ಲಿ ಬ್ಲೆಕ್ನಿಫೋಲಿಯಾ ಬೆಳೆಸಲು ಸುಲಭ. ಪಶ್ಚಿಮದ ಗಿಡಗಳಲ್ಲಿ ಪೂರ್ವದ ತೋಟಗಳಿಗೆ ತಕ್ಕಮಟ್ಟಿಗೆ ಹೊಂದಿಕೊಂಡವುಗಳಲ್ಲಿ ಅದೊಂದು.

ಕುಂಡ ಮತ್ತು ಖರ್ಚು

ಬಾಡಿಗೆ ಮನೆ, ಅಪಾರ್ಟ್‌ಮೆಂಟಿನ ಬಾಲ್ಕನಿ ಇರುವವರಿಗೆ ಸ್ಪಿನ್ಯುಲೋಸಾದ ಬರ್ತ್‌ಡೇ ಕ್ಯಾಂಡಲ್ಸ್‌ನಂಥ ಕುಳ್ಳು ತಳಿಗಳೇ ಸರಿ. ಅರ್ಧ ಮೀಟರ್ ಎತ್ತರ, ಒಂದು ಮೀಟರ್ ಹರವು, ಕುಂಡದಲ್ಲಿ ಸಲೀಸು. ಇವನ್ನು ಕಡ್ಡಿಯಿಂದ ಬೆಳೆಸುವುದರಿಂದ ಚಿಕ್ಕ ಗಿಡದಲ್ಲೇ ಹೂವು ಬರುತ್ತದೆ. ಬೀಜದಿಂದ ಬೆಳೆಸಿದವು ಹೂಬಿಡಲು ಹಲವು ವರ್ಷ ತೆಗೆದುಕೊಳ್ಳುತ್ತವೆ. ದಿನಕ್ಕೆ ನಾಲ್ಕೈದು ಗಂಟೆಯಾದರೂ ನೇರ ಬಿಸಿಲು ಬೀಳದ ಬಾಲ್ಕನಿಯಾದರೆ ಯಾವ ಬ್ಯಾಂಕ್ಸಿಯಾವೂ ಬೇಡ.

ಖರ್ಚಿನ ವಿಷಯದಲ್ಲಿ ಸಾಮಾನ್ಯ ಎಣಿಕೆ ಇಲ್ಲಿ ತಲೆಕೆಳಗಾಗುತ್ತದೆ. ಸ್ಥಳೀಯ ಗಿಡಗಳ ನರ್ಸರಿಗಳಲ್ಲಿ ಟ್ಯೂಬ್‌ಸ್ಟಾಕ್ ಎಂದು ಮಾರುವ ಬೆರಳುದ್ದದ ಸಸಿ ಕೆಲವೇ ಡಾಲರ್‌ಗೆ ಸಿಗುತ್ತದೆ. ದೊಡ್ಡ ಕುಂಡದಲ್ಲಿ ಬೆಳೆದ, ಹೂ ಬಿಟ್ಟಿರುವ ಗಿಡಕ್ಕೆ ಅದರ ಹತ್ತು ಪಟ್ಟು ಕೊಡಬೇಕಾದೀತು. ಆದರೆ ಚಿಕ್ಕ ಸಸಿಯ ಬೇರು ಸುತ್ತಿಕೊಂಡಿರುವುದಿಲ್ಲ, ನೆಲದಲ್ಲಿ ಬೇಗ ಆಳಕ್ಕಿಳಿಯುತ್ತದೆ, ಕೆಲವು ವರ್ಷಗಳಲ್ಲಿ ದೊಡ್ಡ ಗಿಡವನ್ನು ಹಿಂದೆ ಹಾಕುವುದೂ ಸಾಮಾನ್ಯ. ನೂರು ಡಾಲರ್‌ಗೆ ಒಂದು ಹೂಬಿಟ್ಟ ಗಿಡ ಕೊಳ್ಳುವ ಬದಲು, ಅದರ ಕಾಲುಭಾಗದಲ್ಲಿ ಮೂರು ಪ್ರಭೇದಗಳ ಚಿಕ್ಕ ಸಸಿಗಳನ್ನು ತಂದು, ಉಳಿದ ಹಣದಲ್ಲಿ ದಿಬ್ಬಕ್ಕೆ ಮರಳು ಬೆರೆತ ಮಣ್ಣು ಮತ್ತು ಮುಚ್ಚಿಗೆಯ ಮರದ ಚೂರು ತರಿಸುವುದನ್ನು ನಾನು ಸೂಚಿಸುತ್ತೇನೆ. ದೊಡ್ಡ ಗಿಡಕ್ಕೆ ಹಣ ಕೊಡಬೇಕಾದ ಸಂದರ್ಭಗಳು ಎರಡೇ: ಕಸಿ ಮಾಡಿದ್ದು ಬೇಕಾದಾಗ, ಇಲ್ಲವೇ ಕುಂಡಕ್ಕಾಗಿ ಕೊಳ್ಳುವಾಗ. ಕಾಡಿನಿಂದ ಕಾಯಿ, ಬೀಜ ತರುವ ಯೋಚನೆ ಬೇಡ. ಪರವಾನಗಿಯಿಲ್ಲದೆ ಅದಕ್ಕೆ ಅವಕಾಶವಿಲ್ಲ. ಬೇರೆ ರಾಜ್ಯದಿಂದ ಪಶ್ಚಿಮ ಆಸ್ಟ್ರೇಲಿಯಾಕ್ಕೆ ಗಿಡ ತರಿಸುವವರೂ, ಭಾರತಕ್ಕೆ ಬೀಜ ಒಯ್ಯಬೇಕೆನ್ನುವವರೂ ಸಸ್ಯ ಸಂಗರೋಧದ ನಿಯಮಗಳನ್ನು ಮೊದಲು ವಿಚಾರಿಸಿಕೊಳ್ಳಬೇಕು.

ಇಷ್ಟಾದ ಮೇಲೂ ನಿರ್ಧಾರ ಕಷ್ಟವಾದರೆ, ಬೆಳೆದ ಗಿಡವನ್ನು ಕಣ್ಣಾರೆ ನೋಡುವುದು ಒಳ್ಳೆಯ ಉಪಾಯ. ಪರ್ತ್‌ನ ಕಿಂಗ್ಸ್ ಪಾರ್ಕ್, ಮೆಲ್ಬರ್ನ್ ಬಳಿಯ ಕ್ರ್ಯಾನ್‌ಬೋರ್ನ್ ಸಸ್ಯೋದ್ಯಾನ, ಕ್ಯಾನ್‌ಬೆರಾದ ರಾಷ್ಟ್ರೀಯ ಸಸ್ಯೋದ್ಯಾನಗಳಲ್ಲಿ ಹಲವು ಪ್ರಭೇದಗಳು ಹೆಸರುಫಲಕದೊಂದಿಗೆ ನಿಂತಿವೆ. ಬೇರು, ಹರವು, ಬಿದ್ದ ಎಲೆಗಳ ರಾಶಿ ಎಲ್ಲವೂ ಅಲ್ಲಿ ಕಾಣುತ್ತವೆ. ನಿಮ್ಮದೇ ಬೀದಿಯಲ್ಲಿ ಹತ್ತು ವರ್ಷದ ಬ್ಯಾಂಕ್ಸಿಯಾ ಆರೋಗ್ಯವಾಗಿದ್ದರೆ ಅದು ಇನ್ನೂ ಗಟ್ಟಿಯಾದ ಸಾಕ್ಷಿ.

ನೆಡುವ ಕಾಲವನ್ನೂ ಊರು ನೋಡಿಯೇ ಆರಿಸಬೇಕು. ಪರ್ತ್, ಅಡಿಲೇಡ್‌ಗಳಲ್ಲಿ ಮೊದಲ ಮಳೆ ಬಿದ್ದ ಮೇಲೆ, ಏಪ್ರಿಲ್‌ನಿಂದ ಜೂನ್ ಒಳಗೆ ನೆಟ್ಟರೆ ಇಡೀ ಚಳಿಗಾಲ ಬೇರು ಬಿಡಲು ಸಿಗುತ್ತದೆ. ಸಿಡ್ನಿ, ಬ್ರಿಸ್ಬೇನ್‌ಗಳಿಗೂ ಶರತ್ಕಾಲವೇ ಒಳ್ಳೆಯದು. ಹಿಮ ಬೀಳುವ ಕ್ಯಾನ್‌ಬೆರಾದಂಥ ಕಡೆ ಸೆಪ್ಟೆಂಬರ್‌ವರೆಗೆ ಕಾಯಬೇಕು. ಗುಂಡಿಗೆ ಗೊಬ್ಬರ ಹಾಕದೆ ನೆಟ್ಟು, ಬುಡವನ್ನು ಬಿಟ್ಟು ಸುತ್ತ ಮರದ ಚೂರು ಹರಡಿ, ಮೊದಲ ಎರಡು ಬೇಸಿಗೆಗಳಲ್ಲಿ ವಾರಕ್ಕೊಮ್ಮೆಯಾದರೂ ಆಳಕ್ಕಿಳಿಯುವಂತೆ ನೀರು ಕೊಡಿ, ಮತ್ತು ಮೇಲ್ಪದರದಲ್ಲಿ ಹಬ್ಬಿರುವ ಬೇರುಗುಚ್ಛಗಳಿಗೆ ಪೆಟ್ಟಾಗುವುದರಿಂದ ಗಿಡದ ಸುತ್ತ ಗುದ್ದಲಿ ಆಡಿಸಬೇಡಿ. ಕಳೆ ಬಂದರೆ ಕೈಯಿಂದಲೇ ಕೀಳಿ.